ವೀಸಾ ಕೊಡದಿದ್ದರೆ ಹಣ ವಾಪಸ್ ಕೊಡಿ, ಇಲ್ಲವೇ ಕಾರಣ ಕೊಡಿ

ಯೂರೋಪಿನ 29 ದೇಶಗಳಿಗೆ ಒಂದೇ ಬಾಗಿಲಾಗಿರುವ ಷೆಂಗೆನ್ ವೀಸಾಕ್ಕೆ ಈಗ ವಯಸ್ಕರೊಬ್ಬರ ಅರ್ಜಿ ಶುಲ್ಕ 90 ಯೂರೊ. 2020ರ ಫೆಬ್ರುವರಿಗೆ ಮೊದಲು ಅದು 60 ಇತ್ತು, ಆಮೇಲೆ 80 ಆಯಿತು, 2024ರ ಜೂನ್ 11ರಿಂದ 90. ಹಣದುಬ್ಬರ ಎಂಬ ಕಾರಣ ಕೊಟ್ಟರು. ಹಣದುಬ್ಬರ ಎಲ್ಲ ಕಡೆಯೂ ಇದೆ, ಅದಕ್ಕೆ ನನ್ನ ತಕರಾರಿಲ್ಲ. ವೀಸಾ ಸಿಗದವನ 90 ಯೂರೊವನ್ನೂ ಇಟ್ಟುಕೊಳ್ಳುತ್ತಾರಲ್ಲ, ತಕರಾರು ಇರುವುದು ಅಲ್ಲಿ.

2024ರಲ್ಲಿ ಭಾರತದಿಂದ ಹೋದ ಷೆಂಗೆನ್ ಅರ್ಜಿಗಳು 11 ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 1.65 ಲಕ್ಷ ತಿರಸ್ಕೃತವಾದವು. ಮಕ್ಕಳ ಅರ್ಧ ಶುಲ್ಕ, ಜೂನ್‌ಗೆ ಮೊದಲಿನ ಹಳೆಯ ದರ ಎಲ್ಲವನ್ನೂ ಕಳೆದು ಲೆಕ್ಕ ಹಾಕಿದರೂ ನೂರು ಕೋಟಿ ರೂಪಾಯಿಗೆ ಕಡಿಮೆಯಾಗುವುದಿಲ್ಲ. ಒಂದೇ ವರ್ಷದಲ್ಲಿ, ಒಂದೇ ದೇಶದ ಜನ, ಕಾಲೇ ಇಡದ ಊರುಗಳಿಗೆ ಕಟ್ಟಿದ ಹಣ ಇದು. ಇದರ ಮೇಲೆ ಅರ್ಜಿ ಸ್ವೀಕರಿಸುವ ಖಾಸಗಿ ಕಂಪನಿಯ ಸೇವಾ ಶುಲ್ಕ ಬೇರೆ, ಪ್ರಯಾಣ ವಿಮೆ ಬೇರೆ, ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಬಯೋಮೆಟ್ರಿಕ್ ಕೊಡಲು ಬೆಂಗಳೂರಿಗೆ ಬಂದುಹೋಗುವ ಖರ್ಚು ಬೇರೆ.

ಕಾನ್ಸುಲೇಟಿನವರ ಉತ್ತರ ಎಲ್ಲರಿಗೂ ಗೊತ್ತಿದೆ. ಶುಲ್ಕ ಕಟ್ಟುವುದು ವೀಸಾಕ್ಕಲ್ಲ, ಅರ್ಜಿಯ ಪರಿಶೀಲನೆಗೆ. ಕೊಟ್ಟರೂ ಬಿಟ್ಟರೂ ಪರಿಶೀಲನೆಯ ಕೆಲಸ ಆಗಿಯೇ ಇರುತ್ತದೆ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಪರೀಕ್ಷೆ ಶುಲ್ಕ ಕಟ್ಟಿ ಫೇಲಾದವನಿಗೆ ವಿಶ್ವವಿದ್ಯಾಲಯ ಹಣ ವಾಪಸ್ ಕೊಡುವುದಿಲ್ಲ, ನಿಜ. ಆದರೆ ಯಾವ ವಿಷಯದಲ್ಲಿ ಎಷ್ಟು ಅಂಕ ಬಂತು ಎಂದು ಅಂಕಪಟ್ಟಿಯನ್ನಾದರೂ ಕೊಡುತ್ತದೆ, ಬೇಕೆಂದರೆ ಮರುಮೌಲ್ಯಮಾಪನಕ್ಕೆ ದಾರಿ ಇಟ್ಟಿರುತ್ತದೆ. ಷೆಂಗೆನ್ ವೀಸಾ ನಿರಾಕರಣೆಯ ಪತ್ರದಲ್ಲಿ ಸಿಗುವುದು ಮುದ್ರಿತ ನಮೂನೆ, ಅದರಲ್ಲೊಂದು ಚೌಕದಲ್ಲಿ ಗುರುತು. ‘ನೀವು ವೀಸಾ ಅವಧಿ ಮುಗಿಯುವ ಮುನ್ನ ಹೊರಡುತ್ತೀರಿ ಎಂಬ ಬಗ್ಗೆ ಸಕಾರಣ ಅನುಮಾನಗಳಿವೆ’ ಎಂಬ ಅರ್ಥದ ಸಾಲಿನ ಮುಂದೆ ಆ ಗುರುತು ಬಿದ್ದರೆ ಮುಗಿಯಿತು. ಅನುಮಾನಕ್ಕೆ ಸಕಾರಣ ಎಂಬ ವಿಶೇಷಣ ಇದೆ, ಕಾರಣ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಪರಿಶೀಲನೆಗೆಂದೇ ಹಣ ತೆಗೆದುಕೊಂಡಿದ್ದರೆ ಪರಿಶೀಲನೆಯಲ್ಲಿ ಏನು ಕಂಡಿತು ಎಂದು ಹೇಳಬೇಕು. ಹೇಳಲಾಗದಿದ್ದರೆ ಹಣ ಹಿಂದಿರುಗಿಸಬೇಕು. ಎರಡೂ ಇಲ್ಲ ಅಂದರೆ ಅದು ದಂಡ. ತಪ್ಪು ಮಾಡದವನ ಮೇಲೆ, ಮುಂದೆ ಮಾಡಿಯಾನು ಎಂಬ ಊಹೆಯ ಮೇಲೆ ಹಾಕಿದ ದಂಡ.

ಈ ಊಹೆ ಯಾರ ಮೇಲೆ ಹೆಚ್ಚು ಬೀಳುತ್ತದೆ? ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ದಾಖಲೆಗಳ ಚಿಂತೆ ಅಷ್ಟಿಲ್ಲ. ತಿಂಗಳಿಗೊಮ್ಮೆ ಸಂಬಳ ಜಮೆ, ಫಾರ್ಮ್ 16, ಕಂಪನಿಯ ಎನ್‌ಒಸಿ, ಐಟಿ ರಿಟರ್ನ್ಸ್ ಎಲ್ಲ ಒಂದು ಫೋಲ್ಡರಿನಲ್ಲಿ ಸಿದ್ಧ. ಕಾನ್ಸುಲೇಟಿನ ಪಟ್ಟಿ ಬರೆದಿರುವುದೇ ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು. ಈಗ ಶಿರಸಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರ, ಮ್ಯೂನಿಕ್‌ನಲ್ಲಿರುವ ಮಗಳ ಬಾಣಂತನಕ್ಕೆ ಹೆಂಡತಿಯೊಂದಿಗೆ ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಬೇರೆ ಆದಾಯವಿಲ್ಲದವನು ರಿಟರ್ನ್ಸ್ ಹಾಕುವ ಪ್ರಮೇಯವೂ ಇಲ್ಲ. ಸಂಬಳ ಚೀಟಿ ಕೊಡುವವರಾರು? ಅಡಿಕೆ ಮಾರಿದ ದುಡ್ಡು ಸೊಸೈಟಿಯಿಂದ ವರ್ಷಕ್ಕೆ ಒಂದೆರಡು ಸಲ ಒಟ್ಟಿಗೆ ಖಾತೆಗೆ ಬರುತ್ತದೆ. ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರೆ ಒಂದೋ ಖಾತೆ ಬಣಗುಡುತ್ತಿರುತ್ತದೆ, ಇಲ್ಲವೇ ದಿಢೀರನೆ ನಾಲ್ಕಾರು ಲಕ್ಷ ಜಮೆಯಾಗಿರುತ್ತದೆ. ವೀಸಾ ಅಧಿಕಾರಿಯ ಕಣ್ಣಿಗೆ ಮೊದಲನೆಯದು ಬಡತನ, ಎರಡನೆಯದು ಸಾಲ ತಂದು ತೋರಿಸಿದ ಹಣ.

ಕಡತದಲ್ಲಿ ಪಹಣಿ ಇದೆ. ಕನ್ನಡದಲ್ಲಿದೆ, ಆದ್ದರಿಂದ ಇಂಗ್ಲಿಷಿಗೋ ಜರ್ಮನ್‌ಗೋ ಅನುವಾದ ಮಾಡಿಸಿ ಮುದ್ರೆ ಹಾಕಿಸಬೇಕು. ಮಾಡಿಸಿದರೂ ಎರಡೆಕರೆ ತೋಟ ಎಂದರೆ ಏನೆಂದು ಆ ಮೇಜಿನ ಹಿಂದಿರುವವರಿಗೆ ಹೇಗೆ ತಿಳಿಯಬೇಕು? ಮರಳಿ ಬರುವ ಉದ್ದೇಶಕ್ಕೆ ತೋಟಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮಳೆಗಾಲ ಶುರುವಾಗುವ ಹೊತ್ತಿಗೆ ಮರಗಳಿಗೆ ಬೋರ್ಡೊ ದ್ರಾವಣ ಹೊಡೆಸದಿದ್ದರೆ ಕೊಳೆರೋಗ ಬಂದು ವರ್ಷದ ಬೆಳೆ ಹೋಗುತ್ತದೆ ಎಂದು ತಿಳಿದವನು ಮ್ಯೂನಿಕ್‌ನಲ್ಲಿ ತಲೆಮರೆಸಿಕೊಂಡು ಪಾತ್ರೆ ತೊಳೆಯುತ್ತಾನೆಂದು ನಂಬುವುದು ಹೇಗೆ? ಕೆಲಸ ಬದಲಾಯಿಸುತ್ತಲೇ ಇರುವ, ಮದುವೆಯಾಗದ, ಬಾಡಿಗೆ ಮನೆಯ ಯುವ ಎಂಜಿನಿಯರ್ ಅಲ್ಲೇ ಉಳಿಯುವ ಸಾಧ್ಯತೆ ಇವನಿಗಿಂತ ಹೆಚ್ಚು. ಆದರೆ ಕಾಗದದಲ್ಲಿ ಎಂಜಿನಿಯರ್ ಗೆಲ್ಲುತ್ತಾನೆ. ಸಣ್ಣ ಅಂಗಡಿಯವರು, ಅಡುಗೆ ಕಂಟ್ರಾಕ್ಟರುಗಳು, ಸಂಬಳವಿಲ್ಲದ ಕಲಾವಿದರು, ನಿವೃತ್ತರಾಗಿ ಮಕ್ಕಳ ಆಸರೆಯಲ್ಲಿರುವ ವಿಧವೆಯರು ಎಲ್ಲರ ಗತಿಯೂ ಇದೇ.

2024ರ ಏಪ್ರಿಲ್‌ನಲ್ಲಿ ಯೂರೋಪಿಯನ್ ಕಮಿಷನ್ ಭಾರತೀಯರಿಗೆಂದೇ ಹೊಸ ಸವಲತ್ತು ಪ್ರಕಟಿಸಿತು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ನಿಯಮದ ಪ್ರಕಾರ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ, ಅದಾದ ಮೇಲೆ ಐದು ವರ್ಷದ್ದು. ಒಳ್ಳೆಯ ಕೆಲಸವೇ, ನಮ್ಮ ಪತ್ರಿಕೆಗಳು ಅದನ್ನು ಹೊಗಳಿದ್ದೂ ಸರಿ. ಆದರೆ ಅದರ ಫಲ ಸಿಕ್ಕಿದ್ದು ಆಗಲೇ ಹೋಗಿಬಂದವರಿಗೆ. ಮೊದಲ ಸಲ ಹೊರಟವರ ಜರಡಿ ಹಾಗೇ ಉಳಿಯಿತು, ಎರಡೇ ತಿಂಗಳಲ್ಲಿ ಶುಲ್ಕವೂ ಏರಿತು.

ಮೇಲ್ಮನವಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಐರೋಪ್ಯ ವೀಸಾ ಸಂಹಿತೆ ಆ ಹಕ್ಕನ್ನು ಬರೆದಿಟ್ಟಿದೆ. ಹಾಗಾದರೆ ಅದು ನಡೆಯುವುದು ಎಲ್ಲಿ ಎಂದು ನೋಡೋಣ. ಫ್ರಾನ್ಸ್ ನಿರಾಕರಿಸಿದರೆ ನಾಂತ್ ನಗರದಲ್ಲಿರುವ ವೀಸಾ ಉಪನಿರ್ದೇಶಕರ ಕಚೇರಿಗೆ 30 ದಿನಗಳೊಳಗೆ, ಫ್ರೆಂಚ್ ಭಾಷೆಯಲ್ಲಿ ಬರೆಯಬೇಕು. ಜರ್ಮನಿಯಲ್ಲಿ ಮೊದಲು ಕಾನ್ಸುಲೇಟಿಗೇ ಪತ್ರ ಬರೆದು ಮರುಪರಿಶೀಲನೆ ಕೇಳುವ ಸರಳ ದಾರಿಯಿತ್ತು, ಖರ್ಚಿಲ್ಲದ ದಾರಿ. 2025ರ ಜುಲೈ 1ರಿಂದ ಜಗತ್ತಿನಾದ್ಯಂತ ಅದನ್ನು ಮುಚ್ಚಿದರು. ಈಗ ಉಳಿದಿರುವುದು ಎರಡೇ: ಇನ್ನೊಮ್ಮೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕುವುದು, ಇಲ್ಲವೇ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ದಾವೆ ಹೂಡುವುದು. ಮೊಮ್ಮಗುವಿನ ಮುಖ ನೋಡಲು ಶಿರಸಿಯ ದಂಪತಿ ಬರ್ಲಿನ್‌ನಲ್ಲಿ ವಕೀಲರನ್ನು ಹಿಡಿಯಬೇಕು. ತೀರ್ಪು ಬರುವ ಹೊತ್ತಿಗೆ ಮಗು ಅಂಬೆಗಾಲು ದಾಟಿ ಓಡಾಡುತ್ತಿರುತ್ತದೆ. ಹೀಗಾಗಿ ಬಹುತೇಕರು ಹೊಸ ಅರ್ಜಿಯನ್ನೇ ಹಾಕುತ್ತಾರೆ, ಅಂದರೆ ಮತ್ತೆ 90 ಯೂರೊ. ಮೇಲ್ಮನವಿಯನ್ನು ಕಷ್ಟ ಮಾಡಿದಷ್ಟೂ ಶುಲ್ಕ ಹೆಚ್ಚು ಹುಟ್ಟುವ ಏರ್ಪಾಡು ಇದು. ಬೇಕೆಂದೇ ಮಾಡಿದರು ಎನ್ನಲಾರೆ, ಆದರೆ ಲೆಕ್ಕ ಹಾಗೇ ಕೂಡುತ್ತದೆ.

ಯೂರೋಪಿನ ನ್ಯಾಯಾಲಯವೇ ಈ ವಿಷಯದಲ್ಲಿ ಅಲ್ಲಿನ ಕಚೇರಿಗಳಿಗಿಂತ ಮುಂದಿದೆ. ಇರಾನಿನ ನಾಗರಿಕನೊಬ್ಬ ಜರ್ಮನಿಯ ವಿರುದ್ಧ ಹೂಡಿದ ಪ್ರಕರಣದಲ್ಲಿ 2013ರ ಡಿಸೆಂಬರ್‌ನಲ್ಲಿ ಅದು ಹೇಳಿದ್ದು: ಸಂಹಿತೆಯಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದಾದರೂ ಇದ್ದರೆ ಮಾತ್ರ ನಿರಾಕರಿಸಬಹುದು, ಮರಳಿ ಹೋಗುವುದು ಖಚಿತ ಎಂದು ಅರ್ಜಿದಾರ ಸಾಬೀತು ಮಾಡಬೇಕಿಲ್ಲ. ಅದೇ ತೀರ್ಪು ಅಧಿಕಾರಿಗಳ ವಿವೇಚನೆಗೆ ವಿಶಾಲ ಅವಕಾಶ ಬಿಟ್ಟಿತು ಎಂಬುದೂ ನಿಜ. ಮೊರಾಕ್ಕೊದ ಅರ್ಜಿದಾರನ ಪ್ರಕರಣದಲ್ಲಿ, 2017ರಲ್ಲಿ, ಮೇಲ್ಮನವಿ ಒಂದು ಹಂತದಲ್ಲಾದರೂ ನ್ಯಾಯಾಲಯಕ್ಕೆ ಹೋಗುವಂತಿರಬೇಕು ಎಂದಿತು. 2020ರಲ್ಲಿ ನೆದರ್‌ಲೆಂಡ್ಸ್ ವಿರುದ್ಧದ ಪ್ರಕರಣಗಳಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟು, ಬೇರೊಂದು ದೇಶದ ಆಕ್ಷೇಪಣೆಯಿಂದ ವೀಸಾ ತಡೆದಿದ್ದರೆ ಆ ದೇಶ ಯಾವುದು, ಆಕ್ಷೇಪಣೆಯ ಸಾರವೇನು ಎಂಬುದನ್ನು ಅರ್ಜಿದಾರನಿಗೆ ತಿಳಿಸಲೇಬೇಕು ಎಂದಿತು. ಇನ್ನೊಂದು ದೇಶದ ಅನುಮಾನದ ಕಾರಣ ಹೇಳಬೇಕಾದರೆ ತಮ್ಮದೇ ಅನುಮಾನದ ಕಾರಣ ಹೇಳಲು ಏನು ಅಡ್ಡಿ?

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮವರೆಲ್ಲ ಸತ್ಯಹರಿಶ್ಚಂದ್ರರೂ ಅಲ್ಲ. ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿದ್ದ ಸರ್ಬಿಯಾ 2023ರ ಜನವರಿ 1ರಿಂದ ಅದನ್ನು ನಿಲ್ಲಿಸಿದ್ದೇ, ಅಲ್ಲಿಗೆ ಇಳಿದು ಆಸ್ಟ್ರಿಯಾದ ಕಡೆಗೆ ಗಡಿ ದಾಟುವವರು ಹೆಚ್ಚಾದರೆಂದು. ಸುಳ್ಳು ಬ್ಯಾಂಕ್ ಸ್ಟೇಟ್‌ಮೆಂಟ್, ಡಮ್ಮಿ ಟಿಕೆಟ್, ಸ್ಲಾಟ್ ಹಿಡಿದುಕೊಂಡು ಮಾರುವ ಏಜೆಂಟರು, ಇದೆಲ್ಲ ನಮ್ಮೂರುಗಳಲ್ಲೇ ಬೆಳೆದ ದಂಧೆ. ಸುಳ್ಳು ದಾಖಲೆ ಕೊಟ್ಟವನ ಹಣ ಮುಟ್ಟುಗೋಲಾಗಲಿ, ಯಾರೂ ಕಣ್ಣೀರು ಹಾಕುವುದಿಲ್ಲ. ನಿಜ ದಾಖಲೆ ಕೊಟ್ಟವನನ್ನೂ ಅದೇ ಚೌಕದ ಗುರುತಿನಲ್ಲಿ ಸೇರಿಸಿಬಿಟ್ಟಾಗ, ಮುಂದಿನ ಸಲ ಏಜೆಂಟನ ಬಾಗಿಲು ತಟ್ಟೋಣ ಎಂಬ ಯೋಚನೆ ಅವನಲ್ಲೂ ಹುಟ್ಟುತ್ತದೆ.

ಇಷ್ಟೆಲ್ಲ ಯೂರೋಪಿಗೆ ಹೇಳುವಾಗ ದೆಹಲಿಯ ಕಡೆ ತಿರುಗದಿದ್ದರೆ ಅದು ಅರ್ಧ ಮಾತು. ನಮ್ಮ ಇ-ವೀಸಾ ಅಗ್ಗ, ಸುಲಭ, ನಿಜ. ಅದರ ಶುಲ್ಕವೂ ವಾಪಸ್ ಬರುವುದಿಲ್ಲ. ಕಾರಣ ಹೇಳುವ ವಿಷಯದಲ್ಲಂತೂ ನಾವು ಯಾರಿಗೂ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರವೇ ಬೆಂಗಳೂರಿನಲ್ಲಿ ನಡೆಸಿದ ಸಂವಿಧಾನ ಮತ್ತು ರಾಷ್ಟ್ರೀಯ ಏಕತಾ ಸಮಾವೇಶಕ್ಕೆ ಆಹ್ವಾನಿತರಾಗಿ ಬಂದ ಬ್ರಿಟನ್‌ನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರನ್ನು ಕೆಂಪೇಗೌಡ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಲಾಯಿತು. ರಾಜ್ಯ ಸರ್ಕಾರದ ಅತಿಥಿ, ರಾಜ್ಯದ ರಾಜಧಾನಿಯಲ್ಲಿ, ಕಾರಣವಿಲ್ಲದೆ. ವಿದೇಶಿಯರ ಪ್ರವೇಶ ಸಾರ್ವಭೌಮ ನಿರ್ಧಾರ ಎಂದು ವಿದೇಶಾಂಗ ಸಚಿವಾಲಯ ಕೈತೊಳೆದುಕೊಂಡಿತು. 2025ರ ಅಕ್ಟೋಬರಿನಲ್ಲಿ ಹಿಂದಿ ಸಾಹಿತ್ಯದ ವಿದ್ವಾಂಸೆ ಫ್ರಾಂಚೆಸ್ಕಾ ಒರ್ಸಿನಿ ಅವರಿಗೂ ದೆಹಲಿ ವಿಮಾನ ನಿಲ್ದಾಣದಲ್ಲಿ ಹೀಗೇ ಆಯಿತು, ಇ-ವೀಸಾ ಕೈಯಲ್ಲಿದ್ದರೂ. ಬರ್ಲಿನ್‌ನವರು ಚೌಕದಲ್ಲಿ ಗುರುತನ್ನಾದರೂ ಹಾಕುತ್ತಾರೆ. ನಮ್ಮಲ್ಲಿ ಅದೂ ಇಲ್ಲ. ಸಾರ್ವಭೌಮತ್ವ ಎಂಬ ಒಂದೇ ಮಾತಿನಿಂದ ಪ್ರಶ್ನೆಯನ್ನು ಮುಚ್ಚುವ ಸರ್ಕಾರ, ತನ್ನ ಪ್ರಜೆಗಳ ಪರವಾಗಿ ಇನ್ನೊಂದು ದೇಶದಲ್ಲಿ ಕಾರಣ ಕೇಳಲು ಹೋದರೆ ಅದೇ ಮಾತನ್ನು ಎದುರಿನವರು ಹಿಂದಿರುಗಿಸುತ್ತಾರೆ.

ಆದರೂ ಕೇಳಬೇಕು, ಕೇಳುವ ಶಕ್ತಿ ಈಗ ಭಾರತಕ್ಕೆ ಇದೆ. 2024ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಕ್‌ಟೆನ್‌ಸ್ಟೈನ್ ದೇಶಗಳ ಒಕ್ಕೂಟದೊಂದಿಗೆ ನಾವು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದೆವು. ನಾಲ್ಕೂ ಷೆಂಗೆನ್ ವಲಯದ ದೇಶಗಳೇ. ಹದಿನೈದು ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆಯ ಮಾತು ಅದರಲ್ಲಿದೆ. ಯೂರೋಪಿಯನ್ ಒಕ್ಕೂಟದೊಂದಿಗೂ 2022ರಲ್ಲಿ ವ್ಯಾಪಾರದ ಮಾತುಕತೆ ಮತ್ತೆ ಶುರುವಾಯಿತು. ಚೀಸ್, ವೈನ್, ಕಾರುಗಳ ಸುಂಕಕ್ಕೆ ವರ್ಷಗಟ್ಟಲೆ ಚೌಕಾಸಿ ನಡೆಸುವ ನಮ್ಮ ಅಧಿಕಾರಿಗಳು, ತಿರಸ್ಕೃತ ಅರ್ಜಿಗೆ ಅರ್ಧ ಶುಲ್ಕ ವಾಪಸ್ ಮತ್ತು ಒಂದು ಪುಟ ಲಿಖಿತ ಕಾರಣ ಎಂಬ ಬೇಡಿಕೆಯನ್ನು ಮೇಜಿನ ಮೇಲಿಟ್ಟ ಸುದ್ದಿಯನ್ನು ನಾನಂತೂ ಓದಿಲ್ಲ. ಜೊತೆಗೆ, ಕಾನ್ಸುಲೇಟಿನಲ್ಲೇ ಇಂಗ್ಲಿಷಿನಲ್ಲಿ ಮರುಪರಿಶೀಲನೆ ಕೇಳುವ ಹಕ್ಕು ಮತ್ತೆ ಬರಬೇಕು. ಕೃಷಿಕರ ಅರ್ಜಿಗೆ ಪಹಣಿಯನ್ನೂ ಸೊಸೈಟಿ ಪಾಸ್‌ಬುಕ್ಕನ್ನೂ ವರ್ಷಪೂರ್ತಿಯ ಲೆಕ್ಕದೊಂದಿಗೆ ಒಪ್ಪಬೇಕು. ಇದರಲ್ಲಿ ಯಾರ ಗಡಿಯೂ ಸಡಿಲವಾಗುವುದಿಲ್ಲ.

ಷೆಂಗೆನ್ ಶುಲ್ಕವನ್ನು ಮೂರು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಸಂಹಿತೆಯೇ ಹೇಳುತ್ತದೆ. 2024ರದ್ದಾದ ಮೇಲೆ ಮುಂದಿನ ಸರದಿ 2027. ಅದಕ್ಕೆ ಮೊದಲು ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಎದ್ದು ವಿದೇಶಾಂಗ ಸಚಿವರನ್ನು ಕೇಳಲಿ: ತಿರಸ್ಕೃತ ಅರ್ಜಿಗಳ ಹಣದ ಬಗ್ಗೆ ಬ್ರಸೆಲ್ಸ್‌ಗೆ ನೀವು ಬರೆದ ಪತ್ರ ಎಲ್ಲಿದೆ? ಪತ್ರವಿಲ್ಲ ಎಂಬುದೇ ಉತ್ತರವಾದರೆ ಅದೂ ಸದನದ ಕಡತದಲ್ಲಿ ದಾಖಲಾಗಲಿ.