ಕೋಟೆಯ ಚರಿತ್ರೆಯಲ್ಲಿ, ಕ್ಯಾಂಪಿನ ಚರಿತ್ರೆಯಲ್ಲಿ ನಾವು ಎಲ್ಲಿ?

ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಮಾಸ್ತರರೇ, ಮಕ್ಕಳನ್ನು ಮುದಗಲ್ ಕೋಟೆಗೆ ಕರಕೊಂಡು ಹೋಗ್ತೀರಿ. ಕಂದಕ ತೋರಿಸ್ತೀರಿ, ಅಗಸಿ ತೋರಿಸ್ತೀರಿ. ಬುಕ್ಕರಾಯ ಬಂದ, ಬಹಮನಿ ಸುಲ್ತಾನ ಬಂದ, 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದ, 1565ರಲ್ಲಿ ವಿಜಯನಗರ ಬಿತ್ತು ಅಂತ ಬಾಯಿಪಾಠ ಮಾಡಿಸ್ತೀರಿ. ಹಿಂದಿನ ಸಾಲಿನ ಕೇರಿಯ ಹುಡುಗ ಎದ್ದು, "ಸರ್, ಈ ಕಲ್ಲು ಹೊತ್ತವರು ಯಾರ್ರೀ?" ಅಂತ ಕೇಳಿದರೆ ಏನು ಹೇಳ್ತೀರಿ?

ಕೃಷ್ಣಾ, ತುಂಗಭದ್ರಾ ನಡುವಿನ ಈ ಸೀಮೆ ಎರಡು ನೂರು ವರ್ಷ ಗಡಿನಾಡು. ರಾಜರಿಗೆ ಗಡಿ ಎಂದರೆ ಕಪ್ಪಕಾಣಿಕೆಯ ಲೆಕ್ಕ. ದುಡಿಯುವವನಿಗೆ ಗಡಿ ಎಂದರೆ ಸುಟ್ಟ ಬಣವೆ, ಲೂಟಿಯಾದ ಹಗೇವು. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರಲ್ಲಿ ಯುದ್ಧವಾಯಿತೆಂದು ಫೆರಿಷ್ತಾ ಬರೆದಿದ್ದಾನೆ. ದೇವರಾಯನ ದಂಡು ಬರುವುದರೊಳಗೆ ಆ ಕುಟುಂಬ ಊರು ಬಿಟ್ಟಿತ್ತು. ಹುಡುಗಿ ಸಿಗಲಿಲ್ಲ. ಆ ಸಿಟ್ಟಿಗೆ ದಂಡು ಸುತ್ತಲ ಹಳ್ಳಿಗಳನ್ನು ದೋಚಿತು. ಹುಡುಗಿಯ ಚೆಲುವನ್ನು ಇವತ್ತಿಗೂ ಬಣ್ಣಿಸ್ತಾರೆ. ದೋಚಿದ ಹಳ್ಳಿಗಳ ಹೆಸರು ಯಾರಿಗೂ ಬೇಕಿಲ್ಲ. ಇದೇ ನಮ್ಮ ಚರಿತ್ರೆಯ ಪಾಠ!

ಕೋಟೆ ಹಳೇದಾಯ್ತು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂತು. ನೀರಿನ ಜೊತೆ ಕೃಷ್ಣಾ, ಗೋದಾವರಿ, ಗುಂಟೂರು ಸೀಮೆಯ ರೈತರು ಬಂದರು. ಅಲ್ಲಿಯ ದುಬಾರಿ ಹೊಲ ಮಾರಿ ಇಲ್ಲಿಯ ಅಗ್ಗದ ಹೊಲ ಹಿಡಿದರು. ಕಾಲುವೆ ಗುಂಟ ಕ್ಯಾಂಪುಗಳೆದ್ದವು. ಸಿಂಧನೂರು ಭತ್ತದ ಕಣಜವಾಯ್ತು. ಆಮೇಲೆ ಒಂದು ಕಥೆ ಹುಟ್ಟಿತು: ಇಲ್ಲಿ ಮೊದಲು ಏನೂ ಇರಲಿಲ್ಲ, ಜಾಲಿ ಮುಳ್ಳಿತ್ತು, ಬಂದವರು ಬಂಗಾರ ಮಾಡಿದರು.

ಏನೂ ಇರಲಿಲ್ಲವೇ? ಜೋಳ, ಸಜ್ಜೆ, ಹತ್ತಿ ಬೆಳೆದವರು ಮನುಷ್ಯರಲ್ಲವೇ? ಹೊಲ ಮಟ್ಟ ಮಾಡಲು ರೊಕ್ಕವಿಲ್ಲದೆ, ಸಾಲ ತೀರದೆ ಮಾರಿದವನನ್ನು ಸೋಮಾರಿ ಅಂತ ಕರೆಯಲು ಯಾರಿಗೆ ಹಕ್ಕಿದೆ?

ಇದೇ ಸುಳ್ಳನ್ನು ಅಮೆರಿಕದಲ್ಲೂ ಹೇಳಿದರು. ಗಡಿಯಲ್ಲಿ ಕೋಟೆ ಕಟ್ಟಿದರು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ವಲಸೆ ಬಂದವರಿಗೆ 160 ಎಕರೆಯಂತೆ ನೆಲ ಹಂಚಿದರು. 1868ರಲ್ಲಿ ಲಾರಮಿ ಕೋಟೆಯಲ್ಲಿ ಲಕೋಟಾ ಜನರಿಗೆ ಕಪ್ಪುಗುಡ್ಡಗಳು ನಿಮ್ಮವೇ ಅಂತ ಬರೆದುಕೊಟ್ಟರು. ಅಲ್ಲಿ ಬಂಗಾರ ಸಿಕ್ಕಿತು. 1877ರಲ್ಲಿ ಕಸಿದುಕೊಂಡರು. ಅಲ್ಲಿ ನಡೆದದ್ದು ಬಂದೂಕು, ಇಲ್ಲಿ ನಡೆದದ್ದು ಖರೀದಿ ಪತ್ರ. ಎರಡೂ ಒಂದೇ ಅಂತ ನಾವು ಹೇಳುವುದಿಲ್ಲ. ಆದರೆ 'ಖಾಲಿ ನೆಲ' ಎಂಬ ಸುಳ್ಳು ಎರಡೂ ಕಡೆ ಒಂದೇ.

ನಮ್ಮ ತಕರಾರು ತೆಲುಗು ಭಾಷೆಯ ಮೇಲಲ್ಲ. ಕ್ಯಾಂಪಿನಲ್ಲೂ ಕೂಲಿಯವರಿದ್ದಾರೆ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಾಮಶೂದ್ರರಿದ್ದಾರೆ. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಆ ಹೆಸರಿಲ್ಲ ಅಂತ ಇಲ್ಲಿ ದಶಕಗಳ ಕಾಲ ಅವರ ಮಕ್ಕಳಿಗೆ ಜಾತಿ ಸರ್ಟಿಫಿಕೇಟು ಸಿಗಲಿಲ್ಲ. ಅವರು ನಮ್ಮವರು. ನಮ್ಮ ಜಗಳ ಇರುವುದು ಊರಿನ ಗೌಡನನ್ನೂ ಕ್ಯಾಂಪಿನ ಧಣಿಯನ್ನೂ ಒಂದೇ ಕಟ್ಟೆಯ ಮೇಲೆ ಕೂಡಿಸಿ, ನೆಟ್ಟಿ ಹಚ್ಚುವ ಹೆಣ್ಣುಮಗಳನ್ನು ಕೆಸರಲ್ಲೇ ನಿಲ್ಲಿಸುವ ವ್ಯವಸ್ಥೆಯ ಜೊತೆ.

ನೀರಿನ ಮಾತೂ ಹಾಗೇ. ಈ ಕಾಲುವೆಯನ್ನು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಲೆಕ್ಕ ಹಾಕಿ ತೋಡಿದ್ದು. ಮೇಲಿನವರು ಭತ್ತ ಬೆಳೆದರು, ಪಂಪು ಇಟ್ಟು ಎತ್ತಿಕೊಂಡರು. ಕೊನೆ ಭಾಗದ ಹೊಲಗಳು ಬಾಯಿ ಬಿಟ್ಟುಕೊಂಡು ಕೂತವು. ಅಣೆಕಟ್ಟಿನಲ್ಲಿ ಹೂಳು ತುಂಬಿ 133 ಟಿಎಂಸಿ ಹಿಡಿಯುತ್ತಿದ್ದ ಜಾಗ 105ರ ಸುಮಾರಿಗೆ ಇಳಿದಿದೆ. ಕಡಿಮೆ ಬಿದ್ದ ನೀರು ಯಾರ ಪಾಲಿನದು? ಕೊನೆಯವನ ಪಾಲಿನದೇ.

ಗೆಳೆಯರೇ, ಅತ್ತರೆ ಹೊಲ ಬರುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಕಾನೂನು ಮೀರಿ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ತಡವಾಗಿ ಬಂದ ಅರ್ಜಿ ನಡೆಯದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹೋರಾಟದ ಒತ್ತಾಯಕ್ಕೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದಾಯಿತು. ಹಾಗಾದರೆ ಪ್ರತಿ ಕೇರಿಯಲ್ಲೂ ಕೇಳಬೇಕು: ಅಜ್ಜನಿಗೆ ಯಾವ ಸರ್ವೆ ನಂಬರು ಮಂಜೂರಾಗಿತ್ತು? ಯಾವ ವರ್ಷ ಹೋಯ್ತು? ಎಷ್ಟು ಸಾಲಕ್ಕೆ ಹೋಯ್ತು? ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಮಾಸ್ತರರು ಪಹಣಿ ಓದಿ ಹೇಳಲಿ. ಅದೇ ನಮ್ಮ ಶಾಸನ.

ಮಸ್ಕಿಯ ಗುಡ್ಡದ ಶಾಸನವನ್ನು 1915ರಲ್ಲಿ ಬಂಗಾರ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಂಡ. ಅದರಲ್ಲಿ ಅಶೋಕನ ಹೆಸರಿದೆ ಅಂತ ಎಲ್ಲರೂ ಹೆಮ್ಮೆ ಪಡುತ್ತಾರೆ. ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಮೇಲೇರಬಲ್ಲ ಎಂಬ ಅರ್ಥದ ಮಾತೂ ಅದೇ ಬಂಡೆಯ ಮೇಲಿದೆ. ಅದನ್ನು ಯಾರೂ ಓದಿ ಹೇಳುವುದಿಲ್ಲ. ರಾಜ ಹೇಳಿದ ಅಂತ ನಾವು ಕೈಮುಗಿಯಬೇಕಾಗಿಲ್ಲ. ಆ ಸಣ್ಣವನಿಗೆ ಹೊಲ ಎಲ್ಲಿದೆ, ನೀರು ಎಲ್ಲಿದೆ ಅಂತ ಕೇಳಬೇಕಾಗಿದೆ.

ಮುಂದಿನ ಸಲ ಕೋಟೆಗೆ ಹೋದಾಗ ಆ ಹುಡುಗನನ್ನು ಮುಂದಿನ ಸಾಲಿಗೆ ಕರೆಯಿರಿ, ಮಾಸ್ತರರೇ. ಪಾಠ ಅವನ ಪ್ರಶ್ನೆಯಿಂದ ಶುರುವಾಗಲಿ.