ಬಾಜೂ ಮನಿ ಕೋಳಿ, ನಮ್ಮ ಬದನಿ ಅಗಿ



ಮೊನ್ನೆ ನಮ್ಮ ಭೋಜದಾಗ ಒಬ್ಬ ಹುಡುಗ ದಾರಿ ಮ್ಯಾಲೆ ನಿಲ್ಲಿಸಿ ಕೇಳಿದ: "ಕಾಕಾ, ಬಾಜೂ ಮನಿಯವರ ಕೋಳಿ ದಿನಾ ನಮ್ಮ ಹಿತ್ತಲಕ್ಕ ಬರ್ತಾವ. ಮೆಂತೆ ಪಲ್ಲೆ ಹಾಕಿದ್ನಿ, ಒಂದ ಎಲೀನೂ ಉಳಿಸಿಲ್ಲ. ಜ್ವಾಳದಾಗ ಔಷಧ ಕಲಿಸಿ ಇಟ್ಟಬಿಡ್ಲೇನು?"

ಚೇಷ್ಟಿ ಮಾಡ್ತಾನ ಅಂದ್ಕೊಂಡೆ. ಮುಖ ನೋಡಿದರೆ ಚೇಷ್ಟಿ ಅಲ್ಲ. ಅದಕ್ಕೇ ಇವತ್ತು ಇದನ್ನ ಬರೀತಿದ್ದೀನಿ. ಕಬ್ಬಿನ ದರ, ಕರೆಂಟಿನ ಪಾಳಿ ಬಿಟ್ಟು ಇವ ಕೋಳಿ ಬಗ್ಗೆ ಬರೀತಾನ ಅಂತ ನಗಬ್ಯಾಡ್ರಿ. ಓಣಿಯಾಗ ಒಬ್ಬರಿಗೊಬ್ಬರು ಮಾತು ಬಿಟ್ಟ ಮನಿಗಳನ್ನ ನೋಡ್ರಿ. ಕೆಲವರ ಜಗಳ ಒಡ್ಡಿನ ಸಲುವಾಗಿ ಶುರುವಾಗಿರ್ತದ, ಕೆಲವರದ್ದು ಇಂಥ ಸಣ್ಣ ಸಂಗತಿಗೇ.

ಮೊದಲು ನನ್ನ ತಪ್ಪು ಹೇಳ್ತೀನಿ. 2019ರ ಜೂನ್. ಹಿತ್ತಲದಾಗ ಎರಡು ಮಡಿ ಬದನಿ ಅಗಿ ಹಾಕಿದ್ದೆ. ನಮ್ಮ ಬಾಜೂಕ ಒಬ್ಬರು ಕಾಕು ಇದ್ದಾರೆ, ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಎಂಟು ಹತ್ತು ಜವಾರಿ ಕೋಳಿ ಸಾಕಿದ್ದಾರೆ. ತತ್ತಿ ಮಾರಿದ ರೊಕ್ಕದಾಗ ಅವರ ಬಿ.ಪಿ. ಗುಳಿಗಿ, ಚಹಾಪುಡಿ ನಡೀತದ. ಒಂದಿನ ಮುಂಜಾನೆ ಎದ್ದು ನೋಡಿದರೆ ಅರ್ಧ ಮಡಿ ಕೆದರಿ ಹಾಕಿದ್ದವು. ಆಗಷ್ಟೇ ಎರಡೆಲೆ ಬಿಟ್ಟಿದ್ದ ಸಸಿ ಬೇರು ಮ್ಯಾಲಾಗಿ ಬಿದ್ದಿದ್ದವು. ಸಿಟ್ಟಿನಾಗ ಕಲ್ಲು ಒಗೆದೆ. ಒಂದು ಕೋಳಿ ಕಾಲು ಮುರೀತು. ಕಾಕು ಬಂದರು, ಒಂದು ಮಾತೂ ಆಡಲಿಲ್ಲ, ಕೋಳೀನ ಸೆರಗಿನಾಗ ಎತ್ತಿಕೊಂಡು ಹೋದರು. ಅವತ್ತಿನಿಂದ ಮಾತು ಬಂದ್.

ಆಗಸ್ಟಿನಾಗ ನೀರು ಬಂತು. ನಮ್ಮ ಊರು ದೂಧಗಂಗಾ, ವೇದಗಂಗಾ ಕೂಡುವ ಜಾಗದಾಗ ಐತಿ. ಕಾರದಗಾ-ಭೋಜ ಸೇತುವೆ ಮಳೆಗಾಲದಾಗ ಮುಳುಗೋದು ನಮಗ ಹೊಸದಲ್ಲ. ಆ ವರ್ಷ ನೀರು ನಮ್ಮ ಓಣಿಗೇ ಬಂತು. ನಾವೆಲ್ಲ ಸಾಲಿಯ ಗಂಜಿ ಕೇಂದ್ರದಾಗ. ಕಾಕು ಕೋಳಿ ಬುಟ್ಟಿ ತಲಿ ಮ್ಯಾಲೆ ಹೊತ್ತುಕೊಂಡು ಬಂದಿದ್ದರು. ಅದರಾಗ ಆ ಕುಂಟ ಕೋಳೀನೂ ಇತ್ತು. ಮೂರು ದಿನ ಎದುರಾಬದುರು ಚಾಪೆ ಹಾಸಿ ಮಲಗಿದರೂ ಮಾತಿಲ್ಲ. ನಾಲ್ಕನೇ ದಿನ ನಾನೇ ಹೋಗಿ, "ಕಾಕು, ನಂದ ತಪ್ಪಾತು" ಅಂದೆ.

"ಕೋಳಿ ಸಲುವಾಗಿ ಸಿಟ್ಟಿಲ್ಲ ತಮ್ಮಾ. ಅಗಿ ಹಾಕೀನಿ ಅಂತ ಒಂದ ಮಾತ ಮೊದಲ ಹೇಳಿದ್ರ ನಾ ಕಟ್ಟಿ ಹಾಕ್ತಿದ್ನಿಲ್ಲೇನು?" ಅಂದರು.

ಖರೇ ಮಾತು. ನಾನು ಬೇಲಿ ಈಚೆ ನಿಂತು ಕೋಳಿಗೆ ಬೈದಿದ್ದೆ, ಅವರ ಬಾಗಿಲಿಗೆ ಹೋಗಿ ಹೇಳಿರಲಿಲ್ಲ.

ಹಂಗಾಗಿ ನನ್ನ ಅಭಿಪ್ರಾಯ ಇಷ್ಟೇ: ಕೋಳಿ ಜಗಳ ವರ್ಷಪೂರ್ತಿಯ ಜಗಳ ಅಲ್ಲ, ಇಪ್ಪತ್ತೈದು ದಿನದ ಜಗಳ. ಬೀಜ ಹಾಕಿದಾಗಿನಿಂದ ಸಸಿ ಗಟ್ಟಿಯಾಗೋತನಕ ಕೋಳಿ ಒಳಗಿದ್ದರೆ ಸಾಕು. ಆ ದಿನ ಯಾವಾಗ ಶುರು ಅಂತ ಹೇಳೋದು ಬೆಳೆಯವನ ಕೆಲಸ. ಆ ದಿನಗಳಾಗ ಕೋಳಿ ಕೂಡಿ ಹಾಕೋದು ಕೋಳಿಯವರ ಕೆಲಸ.

ಕಾನೂನು ಏನಂತದ ಅಂತ ಕೇಳೋರಿಗೆ. ದನ, ಎಮ್ಮೆ ಹೊಲಕ್ಕೆ ನುಗ್ಗಿದರೆ ಹಿಡಿದು ಕೊಂಡವಾಡಕ್ಕೆ ಹಾಕೋದು ಹಳೇ ರೂಢಿ. ಬ್ರಿಟಿಷರ ಕಾಲದ 1871ರ ಜಾನುವಾರು ಅತಿಕ್ರಮಣ ಕಾಯ್ದೆಯಾಗ ಆನೆ, ಒಂಟೆ, ಕುದುರೆ, ಕತ್ತೆ, ಹಂದಿ, ಕುರಿ, ಆಡು ಎಲ್ಲದರ ಹೆಸರೂ ಐತಿ, ಕೋಳಿ ಹೆಸರಿಲ್ಲ. ಕೋಳಿ ಹಿಡಿದು ಕೊಂಡವಾಡಕ್ಕೆ ಒಯ್ದರೆ ಊರೇ ನಗತದ. ಆದರೆ ವಿಷ ಹಾಕಿದವನ ಸಲುವಾಗಿ ಕಾನೂನು ಐತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ, ಇನ್ನೊಬ್ಬರ ಪ್ರಾಣಿಗೆ ವಿಷ ಹಾಕಿ ಅಥವಾ ಕೊಂದು, ಊನ ಮಾಡಿ ನಷ್ಟ ಮಾಡಿದರೆ 5 ವರ್ಷದತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ನಾನು ಒಗೆದ ಕಲ್ಲೂ ಅಂಥದ್ದೇ ತಪ್ಪು. ಕಾನೂನು ಬಿಡ್ರಿ, ಔಷಧ ಕಲಿಸಿದ ಜೋಳ ಕೋಳೀನೇ ತಿನ್ನತದ ಅನ್ನೋ ಗ್ಯಾರಂಟಿ ಯಾರು ಕೊಡ್ತಾರ? ನವಿಲು ತಿನ್ನಬಹುದು. ಸತ್ತ ಕೋಳೀನ ನಾಯಿ ತಿನ್ನಬಹುದು. ಅಂಗಳದಾಗ ಆಡೋ ಕೂಸು ಬಾಯಿಗೆ ಹಾಕಬಹುದು.

ಬೀಜೋಪಚಾರ ಮಾಡಿದ ಸೋಯಾಬೀನ್ ವಿಷಯದಾಗೂ ಇದೇ ಎಚ್ಚರ ಬೇಕು. ಔಷಧ ಹಚ್ಚಿದ ಬೀಜ ಒಡ್ಡಿನ ಮ್ಯಾಲೆ ಚೆಲ್ಲಿದರೆ ಮಣ್ಣು ಮುಚ್ಚಿಬಿಡ್ರಿ, ಬಾಜೂದವರಿಗೆ ಮೊದಲೇ ಹೇಳ್ರಿ. ಅದನ್ನ ತಿಂದು ಸತ್ತ ಕೋಳೀನ ಯಾರೂ ಅಡಗಿ ಮಾಡಬಾರದು, ಹುಗಿದುಬಿಡಬೇಕು.

ನಾನೂ ಕಾಕೂನೂ ಈಗ ನಡೆಸೋ ರೀತಿ ಹಿಂಗೈತಿ. ಅಗಿ ಹಾಕೋ ಮೂರು ದಿನ ಮೊದಲು ನಾನು ಹೇಳ್ತೀನಿ. ಅವರು ಸಂಜೆ ನಾಲ್ಕರತನಕ ಕೋಳೀನ ಗೂಡಿನಾಗ ಇಡ್ತಾರ, ಆಮ್ಯಾಲೆ ಬಿಡ್ತಾರ. ಸಂಜೀಕ ಬಿಟ್ಟ ಕೋಳಿ ದೂರ ಹೋಗೋದಿಲ್ಲ, ಕತ್ತಲಾಗೋದರೊಳಗೆ ತಾನೇ ಗೂಡಿಗೆ ಬರ್ತದ. ಒಳಗಿದ್ದ ಕೋಳಿಗೆ ನೀರು, ಮೇವು ಬೇಕಲ್ಲ, ಅದಕ್ಕೆ ಜೋಳದ ನುಚ್ಚು, ಪಲ್ಲೆ ಸೊಪ್ಪು ನಮ್ಮ ಮನಿಯಿಂದ ಹೋಗ್ತದ. ಮಡಿ ಸುತ್ತ ನಾನು ಹಳೇ ಸೀರೆ ಕಟ್ಟಿ, ಮ್ಯಾಲೆ ಬಲೆ ಹಾಸ್ತೀನಿ. ಬೇಲಿ ಬುಡಕ್ಕೇ ಇದ್ದ ನಮ್ಮ ತಿಪ್ಪೀನ ಆಚೆ ಕಡೆ ಸರಿಸಿದೆ. ಹುಳ ಸಿಗೋ ತಿಪ್ಪಿ, ನೀರುಣಿಸಿದ ಮೆತ್ತನ ಮಣ್ಣು ಎರಡೂ ಬೇಲಿ ಹತ್ರ ಇಟ್ಟು ಕೋಳಿ ಬರಬಾರದು ಅಂದರೆ ಹೆಂಗ?

ಜವಾರಿ ಕೋಳಿ ಹಗುರ, ಬೇಲಿ ಹಾರ್ತದ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನವರು ತಯಾರು ಮಾಡಿದ ಗಿರಿರಾಜದಂಥ ಭಾರದ ತಳಿ ಅಷ್ಟು ಹಾರೋದಿಲ್ಲ. ಹಾರೋ ಕೋಳಿಗೆ ಒಂದೇ ರೆಕ್ಕೆಯ ಹೊರಗಿನ ಉದ್ದ ಗರಿ ಕತ್ತರಿಸಿದರೆ ತೂಕ ತಪ್ಪಿ ಹಾರಲು ಬರೋದಿಲ್ಲ. ಬಲಿತ ಗರಿ ಕತ್ತರಿಸಿದರೆ ನೋವಿಲ್ಲ, ನಮ್ಮ ಉಗುರು ಕತ್ತರಿಸಿದಂಗ. ಬುಡದಾಗ ರಕ್ತ ಇರೋ ಹೊಸ ಗರಿ ಮಾತ್ರ ಮುಟ್ಟಬ್ಯಾಡ್ರಿ. ಗರಿ ಉದುರಿ ಮತ್ತೆ ಹೊಸದು ಬರ್ತಾವ, ಆಗ ಇನ್ನೊಮ್ಮೆ ಕತ್ತರಿಸಬೇಕಾಗ್ತದ.

"ಅವರ ಕೋಳಿ ಸಲುವಾಗಿ ನಾನ್ಯಾಕ ಬಲೆಗೆ ರೊಕ್ಕ ಹಾಕಲಿ?" ಅಂತ ನೀವು ಕೇಳಬಹುದು. ನ್ಯಾಯದ ಮಾತೇ. ಆದರೆ ಗುಬ್ಬಿ, ಅಳಿಲು, ಬೀದಿ ಆಡಿಗೂ ಆ ಬಲೆ ಬೇಕೇಬೇಕು. ಕೋಳಿ ಸಾಕಿದವರು "ಕೋಳಿಗೇನ ಗಡಿ ಗೊತ್ತೈತೇನು?" ಅಂತಾರ. ಕೋಳಿಗೆ ಗೊತ್ತಿಲ್ಲ, ಸಾಕಿದವರಿಗೆ ಗೊತ್ತೈತಿ. ನಾಲ್ಕು ಕೋಳಿ ಇಟ್ಟ ಮುದುಕಿಗೆ ಹೊಂದಿಕೊಳ್ಳೋದು ಬ್ಯಾರೆ. ವ್ಯಾಪಾರಕ್ಕೆ ಐವತ್ತು ನೂರು ಇಟ್ಟು ಊರ ಮ್ಯಾಲೆ ಬಿಡೋರು ಮಾತ್ರ ಪೂರ್ತಿ ತಮ್ಮ ಖರ್ಚಿನಾಗೇ ಬೇಲಿ ಹಾಕಬೇಕು, ಆದ ನಷ್ಟ ತುಂಬಿಕೊಡಬೇಕು.

ಇನ್ನೊಂದು ಸಂಗತಿ. ಬಾಜೂದವರ ಕೋಳಿ ನಿಮ್ಮ ಬಣವಿಯಾಗ ತತ್ತಿ ಇಟ್ಟರೆ ಒಯ್ದು ಕೊಟ್ಟುಬಿಡ್ರಿ. ಪಲ್ಲೆ ಹಾಳಾತು ಅಂತ ಜಗಳಕ್ಕೆ ಹೋಗೋ ಬಾಯಿ ತತ್ತಿ ಸಿಕ್ಕಾಗ ಸುಮ್ಮನಿದ್ದರೆ, ನಾಳೆ ನಿಮ್ಮ ಮಾತಿಗೆ ತೂಕ ಇರೋದಿಲ್ಲ. ನಮ್ಮ ಮನಿಯಾಕಿ ವಾರಕ್ಕೊಮ್ಮೆ ಬಣವಿ ನೋಡಿ ಕಾಕುಗೆ ಕೊಟ್ಟು ಬರ್ತಾಳ. ಎರಡು ತತ್ತಿ ಅವರೇ ತಿರುಗಿ ಕೊಡ್ತಾರ, ಅದು ಬ್ಯಾರೆ ಮಾತು.

ಆ ಹುಡುಗನಿಗೆ ಇಷ್ಟೇ ಹೇಳಿದೆ: "ಔಷಧದ ಡಬ್ಬಿ ಕಪಾಟಿನಾಗಿಟ್ಟು ಕೀಲಿ ಹಾಕು. ಇವತ್ತ ಸಂಜೀಕ ಅವರ ಮನಿಗೆ ಹೋಗು, ಚಹಾ ಕುಡಿ, ಮೆಂತೆ ಮತ್ತ ಯಾವತ್ತ ಹಾಕ್ತಿ ಅಂತ ದಿನ ಹೇಳಿ ಬಾ." ಹೂಂ ಅಂದ. ಹೋದನೋ ಇಲ್ಲೋ ಗೊತ್ತಿಲ್ಲ, ಈ ವಾರ ಸಂತೀಗೆ ಹೋದಾಗ ಕೇಳ್ತೀನಿ.