ಸೂಕ್ಷ್ಮಲೋಕದ ವಿದ್ಯೆಯೂ ನಾವೂ

ಗಂಗಾನಗರದಿಂದ ಮೇಖ್ರಿ ವೃತ್ತವನ್ನು ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆಯು ಬಹಳ ದೂರವೇನಲ್ಲ. ನಮ್ಮ ತಂದೆಯವರು ಅದನ್ನು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವರು. ತರಕಾರಿ ಗಾಡಿಯನ್ನು ನೂಕಿಕೊಂಡು ಅದರ ಗೋಡೆಯ ಪಕ್ಕದಲ್ಲಿ ಎಷ್ಟೋ ಬಾರಿ ಹೋಗಿಬಂದವರು. ಒಳಗೆ ಏನು ನಡೆಯುವುದೆಂದು ಕೇಳಿದವರಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಆ ಪ್ರಶ್ನೆಯನ್ನು ಕೇಳುವ ಹೊಣೆ ನನ್ನದಾಗಿದೆ. ಬಿ.ಎ. ವಿದ್ಯಾರ್ಥಿಗೆ ಈ ಗೊಡವೆಯೇಕೆಂದು ಮಿತ್ರರು ನಗಬಹುದು.

ಅಲ್ಲಿ ನ್ಯಾನೊ ವಿಜ್ಞಾನದ ಕೇಂದ್ರವಿದೆ. ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲು. ಆ ಅಳತೆಯ ಕೆಲಸದಲ್ಲಿ ಧೂಳಿನ ಕಣವೂ ಬಂಡೆಯೇ ಸರಿ. ಆದುದರಿಂದ ಸೋಸಿದ ಗಾಳಿಯ ಕೊಠಡಿಯಲ್ಲಿ ಮೈತುಂಬ ನಿಲುವಂಗಿ ತೊಟ್ಟು ದುಡಿಯಬೇಕು. ಕ್ವಾಂಟಂ ಗಣಕವೂ ಇಷ್ಟೇ ನಾಜೂಕಾದುದು. ಸಾಮಾನ್ಯ ಗಣಕದ ಬಿಟ್ ಸೊನ್ನೆಯಾಗಿರಬೇಕು, ಇಲ್ಲವೇ ಒಂದಾಗಿರಬೇಕು. ಕ್ವಾಂಟಂ ಬಿಟ್ ಎರಡೂ ಬೆರೆತ ಸ್ಥಿತಿಯಲ್ಲಿರಬಲ್ಲುದು. ಹೊರಗಿನ ಅಲ್ಪ ಸೋಂಕಿಗೂ ಆ ಸ್ಥಿತಿ ಕೆಡುವುದು. ಇಂತಹ ವಿದ್ಯೆಯು ಪುಸ್ತಕದಿಂದಷ್ಟೇ ಬರುವುದಿಲ್ಲ, ಕೈ ಪಳಗಬೇಕು.

ಇದಕ್ಕಾಗಿಯೇ 2008ರಲ್ಲಿ ಕೇಂದ್ರ ಸರ್ಕಾರದ ನೆರವಿನಿಂದ ‘ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಮ್’ ಎಂಬ ಯೋಜನೆಯು ಇಲ್ಲಿಯೂ ಮುಂಬಯಿಯ ಐ.ಐ.ಟಿ.ಯಲ್ಲಿಯೂ ಆರಂಭವಾಯಿತು. ಹೊರಗಿನ ಸಂಶೋಧಕರು ಬಂದು ಮೊದಲು ಪರಿಚಯ, ಬಳಿಕ ಕೈಕೆಲಸ, ಕೊನೆಗೆ ಸ್ವಂತ ಪ್ರಯೋಗ ಎಂಬ ಕ್ರಮದಲ್ಲಿ ಕಲಿಯಲು ಅದು ಬಾಗಿಲು ತೆರೆಯಿತು. 2023ರಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಮಂಜೂರಾಯಿತು. ಅದರ ಗಣಕ ವಿಭಾಗದ ಕೇಂದ್ರವೂ ಇದೇ ಸಂಸ್ಥೆ.

ಸಂತೋಷವೇ. ಆದರೆ ಆ ಬಾಗಿಲಿನವರೆಗಿನ ದಾರಿಯ ಮಾತೇನು? ನನ್ನ ತಂಗಿಯು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಈಗ ಪಿ.ಯು.ಸಿ. ವಿಜ್ಞಾನದಲ್ಲಿದ್ದಾಳೆ. ಲೆಕ್ಕ ಅವಳಿಗೆ ತೊಡಕಲ್ಲ, ಇಂಗ್ಲಿಷ್ ತೊಡಕು. ರಾತ್ರಿ ನಾನು ನಿಘಂಟನ್ನು ಹಿಡಿದು ಅವಳ ಪಕ್ಕದಲ್ಲಿ ಕೂರುತ್ತೇನೆ. ಅರ್ಧ ಪುಟ ಮುಗಿಯುವುದರೊಳಗೆ ಅವಳಿಗೆ ತೂಕಡಿಕೆ ಬರುವುದು. ಪರದೇಶದ ಮಾತೇ ಬೇಡ, ಎರಡು ಮೈಲಿ ಆಚೆಯ ವಿದ್ಯೆಯೂ ಅವಳಿಗೆ ಹೀಗೆ ದೂರವಾಗುತ್ತಿದೆ.

ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಆ ಕೆಲಸವನ್ನು ಮುಂದುವರಿಸುವುದು ಭಾಷೆಯನ್ನು ಅಭ್ಯಾಸ ಮಾಡುವ ನಮ್ಮ ಪಾಲಿನ ಕರ್ತವ್ಯ. ನಗುವ ಮಿತ್ರರಿಗೆ ಇದೇ ನನ್ನ ಉತ್ತರ. ಸಂಶೋಧಕರಿಗೆ ತೆರೆದ ಬಾಗಿಲು ವರ್ಷಕ್ಕೆ ಕೆಲವು ದಿನವಾದರೂ ಸರ್ಕಾರಿ ಕಾಲೇಜಿನ ಮಕ್ಕಳಿಗೂ ತೆರೆಯಲಿ. ಅಲ್ಲಿನ ಪಾಠವನ್ನು ತಿಳಿಗನ್ನಡದಲ್ಲಿ ಬರೆದುಕೊಡಲು ನಾವು ಸಿದ್ಧರಾಗೋಣ. ತಂದೆಯವರು ಹೊರಗಿನಿಂದ ಮಾತ್ರ ಕಂಡ ಆ ಗೋಡೆಯನ್ನು ತಂಗಿಯು ಒಳಗಿನಿಂದ ಕಾಣಲೆಂಬುದೇ ನನ್ನ ಹಾರೈಕೆ.